ತಿಪ್ಪೆ ಸಾಲಿಗೆ ಬಂದ ನೀಲಿ ಡಬ್ಬ

ಮೊನ್ನೆ ಕನಕಪುರದ ನಮ್ಮ ತರಬೇತಿ ಅಂಗಳಕ್ಕೆ ಲಾರಿಯೊಂದು ಬಂದು ಹೊಸ ಕಸದ ಡಬ್ಬಗಳನ್ನು ಇಳಿಸಿ ಹೋಯಿತು. ಒಂದರೊಳಗೊಂದು ಕೂತ ನೀಲಿ ಡಬ್ಬಗಳು, ಅವುಗಳ ಮುಚ್ಚಳಗಳು ಬೇರೆ ಕಟ್ಟಿನಲ್ಲಿ. ಆಗಷ್ಟೇ ಒಂದು ಸಣ್ಣ ಮಳೆ ಬಿದ್ದು ನಿಂತಿತ್ತು. ಒದ್ದೆ ಮಣ್ಣಿನ ವಾಸನೆಯ ಜೊತೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಬೆರೆತು ಮೂಗಿಗೆ ಬಡಿದಾಗ ನಾನು ನಿಂತಲ್ಲೇ ನಿಂತುಬಿಟ್ಟೆ. ಸಾಲದೆಂದು ಒಂದು ಡಬ್ಬದೊಳಕ್ಕೆ ತಲೆ ಹಾಕಿ ಇನ್ನೊಮ್ಮೆ ಮೂಸಿ ನೋಡಿದೆ. ನನ್ನ ಹತ್ತಿರ ಗಾಡಿ ಕಲಿಯಲು ಬರುವ ಬೈರಮಂಗಲದ ಕಡೆಯ ಪುಷ್ಪ, "ಏನಕ್ಕಾ, ಕಸದ ಡಬ್ಬಾನ ಮಲ್ಲಿಗೆ ಹೂ ಮೂಸ್ದಂಗೆ ಮೂಸ್ತಾ ಇದ್ದೀರ" ಎಂದು ನಕ್ಕಳು.

ನಗಲಿ ಬಿಡಿ, ಅವಳಿಗೇನು ಗೊತ್ತು. ಆ ವಾಸನೆ ನನಗೆ ಇಡೀ ಒಂದು ಮಳೆಗಾಲವನ್ನು ತಂದುಕೊಟ್ಟಿತ್ತು. ಗೌರಿ ಹಬ್ಬದ ಹೊತ್ತಿನ ಹುಬ್ಬೆ ಮಳೆಯಲ್ಲಿ ಶುರುವಾಗಿ ದೀಪಾವಳಿಗೆ ಮುಗಿದ, ನಾನು ಜೀವನದಲ್ಲಿ ಎಲ್ಲಕ್ಕಿಂತ ಹೆಚ್ಚು ಜಗಳವಾಡಿದ, ಎಲ್ಲಕ್ಕಿಂತ ಹೆಚ್ಚು ನಕ್ಕ ಮಳೆಗಾಲ ಅದು.

ಪಂಚಾಯಿತಿಗಳ ಕಸದ ಗಾಡಿ ಓಡಿಸಲು ಬರುವ ಹೆಂಗಸರಿಗೆ ಸ್ಟೀರಿಂಗ್ ಹಿಡಿಯುವುದನ್ನು ಹೇಳಿಕೊಡುವುದು ಈಗ ನನ್ನ ಕೆಲಸ. ಆಗ ನಾನೇ ಕಲಿಯುವವಳು. ಗಂಡನ ಊರು ಸಾತನೂರಿನಿಂದ ಒಳಕ್ಕೆ, ದಿನಕ್ಕೆ ಎರಡೇ ಸಲ ಬಸ್ಸು ಬರುವಂಥ ಊರು. ಹಿಪ್ಪುನೇರಳೆ ತೋಟ, ರಾಗಿ ಹೊಲ, ಹಾಲಿನ ಡೈರಿ, ಮನೆಮನೆಗೂ ನಾಲ್ಕಾರು ಕುರಿ. ನಮ್ಮ ಮನೆಯಲ್ಲಿ ಕುರಿ ಸ್ವಲ್ಪ ಜಾಸ್ತಿಯೇ ಇದ್ದವು. ಕನಕಪುರದ ಪೇಟೆಬೀದಿಯಲ್ಲಿ ಹುಟ್ಟಿ ಪಿಯುಸಿ ಓದಿದ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕುರಿ ಕಂಡರೆ ಹೆದರುತ್ತಿದ್ದೆ. ಕೆಲವು ವರ್ಷ ಕಳೆಯುವಷ್ಟರಲ್ಲಿ ಕುರಿಗಳೇ ನನ್ನನ್ನು ಕಂಡರೆ ಹೆದರುತ್ತಿದ್ದವು. ನನ್ನ ಬಾಯಿ ಅಂಥದ್ದು.

ಪಂಚಾಯಿತಿಗೆ ಕಸದ ಗಾಡಿ ಬರುತ್ತದೆ, ಮಹಿಳಾ ಸಂಘದವರೇ ಓಡಿಸಬೇಕು, ಯಾರು ಮುಂದೆ ಬರುತ್ತೀರಿ ಎಂದು ಪಂಚಾಯಿತಿಯ ಅಧಿಕಾರಿ, ನಾವೆಲ್ಲ ಪಿಡಿಒ ಎಂದೇ ಕರೆಯುತ್ತಿದ್ದವರು, ಸಂಘದ ಸಭೆಯಲ್ಲಿ ಕೇಳಿದ ದಿನ ಒಬ್ಬರೂ ಕೈ ಎತ್ತಲಿಲ್ಲ. ಆಮೇಲೆ ನನ್ನ ಕೈ ಎದ್ದಿತು, ಆದರೆ ನಾನು ಎತ್ತಿದ್ದಲ್ಲ. ಪಕ್ಕದಲ್ಲಿ ಕೂತಿದ್ದ ಜಯಕ್ಕ ನನ್ನ ಮೊಣಕೈ ಹಿಡಿದು ಎತ್ತಿಬಿಟ್ಟಿದ್ದಳು. "ಇವ್ಳು ಓಡಿಸ್ತಾಳೆ ಸಾರ್. ಹಿಂದ್ಗಡೆ ಕಸ ತುಂಬಕ್ಕೆ ನಾನಿರ್ತೀನಿ" ಎಂದಳು. ಮನೆಗೆ ಬಂದು ಹೆದರುತ್ತಲೇ ವಿಷಯ ಹೇಳಿದೆ. ನಮ್ಮನೆಯವರು ಉಣ್ಣುತ್ತಿದ್ದ ಮುದ್ದೆಯಿಂದ ತಲೆ ಎತ್ತದೆ, "ಕುರಿ ಹೊಡ್ಕೊಂಡು ಹೋಗೋಳಿಗೆ ಗಾಡಿ ಏನ್ ಮಹಾ. ಅದು ತಿರುಗಿಸ್ದ ಕಡೆ ತಿರುಗ್ತದೆ, ಕುರಿ ತಿರುಗ್ತವಾ?" ಎಂದರು.

ಸ್ಕೂಲಿನ ಮೈದಾನದಲ್ಲಿ ಕಲಿತೆ. ಮುಂದಕ್ಕೆ ಓಡಿಸುವುದು ಬೇಗ ಬಂತು. ರಿವರ್ಸ್ ಬರಲು ಎರಡು ಬೇಲಿ, ಒಂದು ಬಟ್ಟೆ ಒಗೆಯುವ ಕಲ್ಲು ಹಾಳಾದವು. ಮೊದಲ ದಿನ ಊರ ಮುಂದಿನ ದಾರಿಯಲ್ಲಿ ಗಾಡಿ ಓಡಿಸಿದಾಗ ಎರಡೂ ಕಡೆ ರಾಗಿ ಪೈರು ಮೊಣಕಾಲುದ್ದ ಎದ್ದಿತ್ತು, ಹುಬ್ಬೆ ಮಳೆ ಹನಿಯುತ್ತಿತ್ತು, ಗಾಜಿನ ಮೇಲೆ ವೈಪರ್ ಆಡುತ್ತಿತ್ತು. ನಾನೊಬ್ಬಳೇ ಕೂತು ಸುಮ್ಮನೆ ನಗುತ್ತಿದ್ದೆ. ನನ್ನ ಕಾಲು ಒತ್ತಿದಷ್ಟು ವೇಗಕ್ಕೆ ಹೋಗುವ ವಸ್ತುವೊಂದು ಈ ಲೋಕದಲ್ಲಿದೆ ಎಂಬುದೇ ನನಗೆ ಹಬ್ಬವಾಗಿತ್ತು. ಆ ಗಾಡಿಯನ್ನು ಇನ್ನು ಬಿಟ್ಟುಕೊಡುವುದಿಲ್ಲ ಎಂದು ಅವತ್ತೇ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡೆ.

ಬಿಟ್ಟುಕೊಡುವ ಮಾತು ಯಾಕೆ ಬಂತೆಂದರೆ, ಪಿಡಿಒ ಮೊದಲೇ ಒಂದು ಷರತ್ತು ಹಾಕಿದ್ದರು. "ಗಾಡಿ ಒಂದೇ ಕಣಮ್ಮ. ಪಕ್ಕದೂರಿನ ಸಂಘದವರೂ ಕೇಳ್ತಾ ಇದ್ದಾರೆ. ದೀಪಾವಳಿವರೆಗೆ ನೋಡ್ತೀನಿ. ನಿಮ್ಮೂರಲ್ಲಿ ಜನ ಡಬ್ಬಕ್ಕೆ ಕಸ ಹಾಕಿ, ಗಾಡಿಗೆ ಕಸ ಕೊಟ್ರೆ ನೀವೇ ಡ್ರೈವರ್. ಇಲ್ಲಾಂದ್ರೆ ಅವರಿಗೆ ಕೊಟ್ಬಿಡ್ತೀನಿ" ಎಂದಿದ್ದರು. ಅವರು ಕೆಟ್ಟವರಲ್ಲ. ಆದರೆ ಹೇಳಿದ್ದನ್ನು ಮಾಡುವ ಪೈಕಿ.

ಗಾಡಿಯ ಜೊತೆ ಆರು ಡಬ್ಬ ಬಂದವು. ಹಸಿರು ಡಬ್ಬ ಹಸಿ ಕಸಕ್ಕೆ, ನೀಲಿ ಡಬ್ಬ ಒಣ ಕಸಕ್ಕೆ. ಅರಳಿಕಟ್ಟೆಯ ಹತ್ತಿರ ಒಂದು ಜೊತೆ, ಬಸ್ಸು ನಿಲ್ಲುವಲ್ಲಿ ಒಂದು ಜೊತೆ, ಸಿದ್ದಪ್ಪ ಮಾವನ ಮನೆಯ ತಿರುವಿನಲ್ಲಿ ಒಂದು ಜೊತೆ ಇಟ್ಟೆವು. ಮನೆ ಬಾಗಿಲಿಗೆ ಗಾಡಿ ಹೋಗುವ ದಿನಗಳನ್ನು ನಾನೇ ಆರಿಸಿದೆ. ಮಂಗಳವಾರ ಮತ್ತು ಶುಕ್ರವಾರ. ಅವತ್ತು ಹೆಂಗಸರು ಮೂಲೆಮೂಲೆ ಗುಡಿಸಿ ಮನೆ ಸಾರಿಸುತ್ತಾರೆ, ಕಸ ಹೆಚ್ಚು ಬೀಳುತ್ತದೆ ಎಂಬುದು ನನ್ನ ಲೆಕ್ಕಾಚಾರ. ಬೋರ್ಡನ್ನೂ ದುಂಡಗೆ ಬರೆದು ಅರಳಿಮರಕ್ಕೆ ನೇತುಹಾಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಮೊದಲನೇ ವಾರವೇ ಎರಡು ಡಬ್ಬ ಕಾಣೆಯಾದವು. ಜಯಕ್ಕ ಊರೆಲ್ಲ ಹುಡುಕಿ ಒಂದನ್ನು ಒಬ್ಬರ ಕೊಟ್ಟಿಗೆಯಲ್ಲಿ ಹಿಡಿದಳು, ಅದರಲ್ಲಿ ಹಸುವಿಗೆ ಬೂಸ ನೆನೆಸಿದ್ದರು. "ಹೊಸ ಡಬ್ಬ, ಇಷ್ಟು ಚೆಂದಾಗೈತೆ, ಇದಕ್ಕೆ ಕಸ ತುಂಬ್ಸಕ್ಕೆ ನಿಮ್ಗೆ ಮನ್ಸಾದ್ರೂ ಎಂಗೆ ಬತ್ತದೆ" ಎಂದು ಆ ಮನೆಯಾಕೆ ನಮ್ಮನ್ನೇ ಬೈದಳಂತೆ. ಇನ್ನೊಂದರಲ್ಲಿ ಮದುವೆ ಮನೆಯವರು ನೀರು ತುಂಬಿಸಿಟ್ಟಿದ್ದರು. ಉಳಿದವುಗಳ ಪಾಡು ಇನ್ನೊಂದು ಬಗೆ. ಡಬ್ಬಕ್ಕಿದ್ದದ್ದು ಚಪ್ಪಟೆ ಮುಚ್ಚಳ, ಕೈಯಿಂದ ಎತ್ತಿ ಹಾಕಬೇಕು. ಕಸದ ಮುಚ್ಚಳ ಮುಟ್ಟಲು ಯಾರಿಗೂ ಇಷ್ಟವಿಲ್ಲ. ಸ್ನಾನ ಮಾಡಿ ಬಂದವರು ಮುಟ್ಟುವುದಿಲ್ಲ, ಹೊಲಕ್ಕೆ ಹೊರಟವರ ಎರಡೂ ಕೈಯಲ್ಲಿ ಸಾಮಾನು. ಹಾಗಾಗಿ ಕಸವೆಲ್ಲ ಡಬ್ಬದ ಬುಡದಲ್ಲಿ, ಡಬ್ಬ ಮಾತ್ರ ಒಳಗೆ ಫಳಫಳ. ಯಾರೋ ಪುಣ್ಯಾತ್ಮರು ಎತ್ತಿದ ಮುಚ್ಚಳವನ್ನು ಹಾಗೇ ಬಿಟ್ಟರೆ ಮಳೆ ನೀರು ತುಂಬಿ ಸೊಳ್ಳೆ ಸಾಕುವ ತೊಟ್ಟಿಯಾಗುತ್ತಿತ್ತು. ಅದಕ್ಕೆಂದು ಬುಡದಲ್ಲಿ ನಾಲ್ಕು ಸಣ್ಣ ತೂತು ಕೊರೆದೆ.

ಒಂದು ಬೆಳಿಗ್ಗೆ ಅರಳಿಕಟ್ಟೆಯ ಡಬ್ಬವೇ ಕಾಲು ಬಂದು ಓಡಿತು. ಬಾಳೆಹಣ್ಣಿನ ಸಿಪ್ಪೆಯ ಆಸೆಗೆ ತಲೆ ತೂರಿಸಿದ ಟಗರೊಂದು ಹೊರಬರಲಾಗದೆ ಡಬ್ಬವನ್ನು ತಲೆಗೆ ಹಾಕಿಕೊಂಡೇ ಡೈರಿಯ ಕಡೆಗೆ ಓಡಿತ್ತು. ಹಾಲು ಹಾಕಲು ನಿಂತಿದ್ದವರೆಲ್ಲ ಕ್ಯಾನು ಹಿಡಿದು ದಿಕ್ಕಾಪಾಲಾದರು. ಹಿಂದೆ ನಾನು ಕೂಗುತ್ತಾ ಓಡಿದೆ, ಯಾಕೆಂದರೆ ಟಗರು ನಮ್ಮದೇ. ಅವತ್ತಿನಿಂದ ತಿಂಗಳುಗಟ್ಟಲೆ ಊರಿನವರು ನನ್ನನ್ನು ಕಂಡರೆ, "ಸವಿತಮ್ಮ, ಗಾಡಿಗೆ ಹೊಸ ಡ್ರೈವರ್ ಬಂದವ್ನಂತೆ, ಕೊಂಬೈತಂತೆ" ಎನ್ನುತ್ತಿದ್ದರು.

ಇವೆಲ್ಲವನ್ನೂ ನಕ್ಕು ತಡೆದುಕೊಳ್ಳಬಹುದಿತ್ತು. ತಡೆಯಲಾಗದೆ ಹೋದದ್ದು ಸಿದ್ದಪ್ಪ ಮಾವನ ಮನೆಯ ತಿರುವಿನ ಡಬ್ಬ. ಸಿದ್ದಪ್ಪ ನನಗೆ ಊರಿನ ವರಸೆಯಲ್ಲಿ ಮಾವ, ರೇಷ್ಮೆ ಹುಳ ಸಾಕುವವನು. ಹುಳುಮನೆಯೊಳಕ್ಕೆ ಹೋಗಬೇಕಾದರೆ ಹೆಂಡತಿಯೂ ಕಾಲು ತೊಳೆದೇ ಹೋಗಬೇಕು, ಅಷ್ಟು ನಿಷ್ಠೆ. ಹುಳಗಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ತಲೆ ಎತ್ತಿ ಕೂರುತ್ತವಲ್ಲ, ಅದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. "ನಮ್ಮ ಹುಳ ಮೂರ್ನೇ ಜ್ವರಕ್ಕೆ ಕೂತವೆ ಕಣವ್ವ. ಈ ಡಬ್ಬದ ವಾಸ್ನೆಗೆ ನೊಣ ಬಂದ್ರೆ ಬೆಳೆ ನೆಗೆದುಬೀಳ್ತದೆ" ಎಂದು ಅವನು ಡಬ್ಬವನ್ನು ಎದುರು ಮನೆಯತ್ತ ತಳ್ಳಿದ. ಎದುರು ಮನೆಯವರು ಅರಳಿಕಟ್ಟೆಯತ್ತ ತಳ್ಳಿದರು. ಕಟ್ಟೆಯಲ್ಲಿ ಕೂರುವವರು ಮತ್ತೆ ಸಿದ್ದಪ್ಪನ ತಿರುವಿಗೇ ತಂದರು. ಹೀಗೆ ಡಬ್ಬ ಊರು ಸುತ್ತುತ್ತಿತ್ತು. ಕಸ ಹಾಕಬೇಕೆಂದು ಮನಸ್ಸು ಮಾಡಿದವರಿಗೂ ಡಬ್ಬ ಇವತ್ತು ಎಲ್ಲಿದೆ ಎಂದು ವಿಚಾರಿಸಿಕೊಂಡು ಹೋಗುವ ಪರಿಸ್ಥಿತಿ.

ಇನ್ನು ಗಾಡಿ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ ಹಾಡು ಹಾಕಿಕೊಂಡು ಮನೆಮನೆ ಮುಂದೆ ನಿಲ್ಲಿಸುತ್ತಿದ್ದೆ. ಹೆಂಗಸರು ಬಾಗಿಲಿಗೆ ಬಂದು, ಒಳ್ಳೆಯ ಮಾತಾಡಿ, ಒಮ್ಮೊಮ್ಮೆ ಕಾಫಿಯನ್ನೂ ಕೊಟ್ಟು ಕಳಿಸುತ್ತಿದ್ದರು. ಕಸ ಮಾತ್ರ ಇಲ್ಲ. ಜಯಕ್ಕ ಹಿಂದೆ ಖಾಲಿ ಗಾಡಿಯಲ್ಲಿ ನಿಂತು, "ಇವ್ರು ಮನೆ ಗುಡ್ಸದೇ ಇಲ್ವೇನೋ ಕಣೆ" ಎನ್ನುತ್ತಿದ್ದಳು. ಉತ್ತರೆ ಮಳೆ ಹೋಗಿ ಹಸ್ತ ಬಂತು. ಪಿಡಿಒ ಒಂದು ದಿನ ಖಾಲಿ ಗಾಡಿ ನೋಡಿ ಏನೂ ಹೇಳದೆ ಬೈಕು ಹತ್ತಿ ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು. ಗಾಡಿಯ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡು ಮನೆಗೆ ಬಂದೆ, ಇನ್ನೆಷ್ಟು ದಿನ ಇದು ನನ್ನ ಸೊಂಟದಲ್ಲಿರುತ್ತದೋ ಎಂದು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ.

ಅವತ್ತು ಶುಕ್ರವಾರ. ಒಳಗೆ ಬಂದರೆ ಬಾಗಿಲ ಹಿಂದೆ ನಮ್ಮದೇ ಮನೆಯ ಕಸದ ಗುಡ್ಡೆ, ಅದರ ಮೇಲೆ ಪೊರಕೆ. ನನಗೆ ಎಲ್ಲಿತ್ತೋ ಸಿಟ್ಟು. ನಮ್ಮತ್ತೆ ದೊಡ್ಡತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು.

"ಊರ್ನೋರು ಹೋಗ್ಲಿ, ನೀವೂ ನನ್ನ ಗಾಡಿಗೆ ಕಸ ಹಾಕಲ್ವಾ ಅತ್ತೆ? ಸೊಸೆ ಡ್ರೈವರ್ ಆಗೋದು ನಿಮಗೂ ಬೇಡ್ವಾ?" ಎಂದೆ.

ಅವರು ಕಾಯಿಯಿಂದ ಕಣ್ಣು ತೆಗೆಯಲಿಲ್ಲ. "ಇವತ್ತು ಯಾವಾರ?"

"ಶುಕ್ರವಾರ."

"ಶುಕ್ರಾರ ಮನೆ ಕಸ ಆಚೆಗೆ ಕಳ್ಸಿದ್ರೆ ಲಕ್ಷ್ಮೀನೂ ನಿನ್ ಗಾಡಿ ಹತ್ಕೊಂಡು ಓಗ್ತಾಳೆ ಕಣಮ್ಮಿ. ಮಂಗಳಾರಾನೂ ಅಂಗೇಯ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ನಮ್ಮವ್ವನೂ ಇದನ್ನೇ ಹೇಳುತ್ತಿದ್ದಳು. ಪೇಟೆಯಲ್ಲಿ ಬೆಳೆದ ನಾನು ಮರೆತಿದ್ದೆ. ವಾರದ ಏಳು ದಿನಗಳಲ್ಲಿ ಯಾರೂ ಕಸ ಕೊಡದ ಎರಡೇ ದಿನಗಳನ್ನು ಹುಡುಕಿ ಆರಿಸಿ, ದುಂಡಗೆ ಬರೆದು, ಮರಕ್ಕೆ ಕಟ್ಟಿದ್ದೆ.

"ಊರಿಗೆಲ್ಲ ಗೊತ್ತಿತ್ತಾ ಇದು?"

"ಗೊತ್ತಿಲ್ದೆ ಏನು. ನೀನು ಓದ್ದೋಳು, ಬೋರ್ಡ್ ಬೇರೆ ಬರ್ದಿದ್ದೀಯ, ನಿಂಗೆ ಯಾರು ಏಳ್ತಾರೆ."

"ನೀವಾದ್ರೂ ಹೇಳ್ಬಾರದಿತ್ತಾ?"

"ನೀನು ಕೇಳ್ಲಿಲ್ಲ, ನಾನು ಏಳ್ಲಿಲ್ಲ" ಎಂದು ಅತ್ತೆ ಒಂದು ಹಿಡಿ ಅವರೆಕಾಯಿ ನನ್ನ ಮಡಿಲಿಗೂ ಹಾಕಿದರು. ಸುಲಿಯುತ್ತಾ ಕೂತೆ. ಸಿಟ್ಟು ಇಳಿದ ಮೇಲೆ, ಡಬ್ಬಕ್ಕಾದರೂ ಯಾಕೆ ಯಾರೂ ಕಸ ಹಾಕುತ್ತಿಲ್ಲ ಎಂದು ಕೇಳಿದೆ. ಕೇಳಿದ್ದೇ ತಡ, ಅವರು ಹೇಳಿದರು.

"ಅದು ಯಾರ ತಿಪ್ಪೆ ಏಳು ನೋಡವ. ಯಾರ್ದೂ ಅಲ್ಲ. ಯಾರ್ದೂ ಅಲ್ದಿರೋ ತಿಪ್ಪೆ ಎಲ್ಲಾರ ಬಾಗ್ಲಿಗೂ ಬ್ಯಾಡ. ಇನ್ನು ಹಸಿ ಕಸ ಅಂತೀಯಲ್ಲ, ಸೊಪ್ಪು ಸದೆ ದನಕ್ಕಾಯ್ತು, ಬೂದಿ ಸಗಣಿ ತಿಪ್ಪೆಗಾಯ್ತು. ನಿನ್ ಹಸ್ರು ಡಬ್ಬಕ್ಕೆ ಆಕಕ್ಕೆ ಏನೈತೆ? ನಮ್ಗೆ ಕಾಟ ಆಗಿರೋದು ಈ ಕವರ್ರು. ತಿಪ್ಪೆ ಗೊಬ್ಬರ ತೋಟಕ್ಕೆ ಒಡುದ್ರೆ ಅರ್ಧ ಕವರ್ರೇ ಇರ್ತವೆ. ಆ ನೀಲಿ ಡಬ್ಬಾನ ತಿಪ್ಪೆ ತಾವ ತಂದು ಇಕ್ಕು. ಹೊತ್ತಾರೆ ಎದ್ದು ಎಲ್ರೂ ಅಲ್ಲಿಗೇ ತಾನೆ ಬರೋದು."

ಊರ ಹಿಂದೆ, ಕೆರೆ ಏರಿಯ ಪಕ್ಕದಲ್ಲಿ ತಿಪ್ಪೆಗಳ ಸಾಲಿದೆ. ಒಂದೊಂದು ಮನೆಗೆ ಒಂದೊಂದು ತಿಪ್ಪೆ, ತಾತನ ಕಾಲದಿಂದ ಬಂದದ್ದು. ಬೆಳಗಾದರೆ ಹೆಂಗಸರು ಮಂಕರಿಯಲ್ಲಿ ಸಗಣಿ ಹೊತ್ತು ಅಲ್ಲಿಗೆ ಹೋಗುತ್ತಾರೆ. ಒಬ್ಬರ ತಿಪ್ಪೆಗೆ ಇನ್ನೊಬ್ಬರು ಒಂದು ಎಲೆಯನ್ನೂ ಹಾಕುವುದಿಲ್ಲ. ಇಷ್ಟು ದಿನ ನಾನು ಕಸಕ್ಕೆ ಜಾಗವೇ ಇಲ್ಲದ ಊರಿಗೆ ಜಾಗ ತೋರಿಸುವವಳ ಹಾಗೆ ಓಡಾಡಿದ್ದೆ. ಜಾಗ ನನ್ನ ಕಣ್ಣೆದುರೇ ಇತ್ತು.

ಆದರೆ ಆ ಸಾಲಿನಲ್ಲಿ ಒಂದು ಗೇಣೂ ಖಾಲಿ ಇಲ್ಲ. ಖಾಲಿ ಇದ್ದದ್ದು ನಮ್ಮ ತಿಪ್ಪೆಗೂ ಸಿದ್ದಪ್ಪ ಮಾವನ ತಿಪ್ಪೆಗೂ ನಡುವೆ, ಒಂದೆರಡು ಮೊಳದ ಪಟ್ಟಿ. ಅದು ತಮ್ಮದು ಎಂದು ಎರಡೂ ಮನೆಯವರ ಹಟ. ಆ ಎರಡು ಮೊಳಕ್ಕಾಗಿ ನಮ್ಮತ್ತೆಯೂ ಸಿದ್ದಪ್ಪ ಮಾವನೂ ನಾನು ಮದುವೆಯಾಗಿ ಬರುವ ಮೊದಲಿನಿಂದ ಮಾತು ಬಿಟ್ಟಿದ್ದರು. ಎದುರಿಗೆ ನಿಂತಿದ್ದರೂ ನಡುವೆ ಇನ್ನೊಬ್ಬರನ್ನು ನಿಲ್ಲಿಸಿಕೊಂಡು, "ಏಳು ಅವ್ನಿಗೆ", "ಏಳವ್ವ ಅವ್ರಿಗೆ" ಎಂದೇ ಮಾತಾಡುತ್ತಿದ್ದರು.

"ಆ ಪಟ್ಟಿಲಿ ಇಕ್ಕು" ಎಂದರು ಅತ್ತೆ. ನಾನು ಕೈಯಲ್ಲಿದ್ದ ಅವರೆಕಾಯಿ ಬಿಟ್ಟು ಅವರ ಮುಖ ನೋಡಿದೆ. "ಏನ್ ನೋಡ್ತೀಯ. ನಿನ್ ಗಾಡಿ ಉಳೀಬೇಕೋ ಬ್ಯಾಡ್ವೋ?" ಅಷ್ಟು ಹೇಳಿ ಮೊರ ಎತ್ತಿಕೊಂಡು ಒಳಗೆ ಹೋದರು. ಸೊಸೆ ಡ್ರೈವರ್ ಆಗುವುದು ಅವರಿಗೆ ಬೇಕೋ ಬೇಡವೋ ಎಂದು ಕೇಳಿದ್ದೆನಲ್ಲ, ಅದಕ್ಕೆ ಉತ್ತರ ಸಿಕ್ಕಿತ್ತು. ಅವತ್ತು ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಬೋರ್ಡು ಅಳಿಸಿ ಸೋಮವಾರ, ಗುರುವಾರ ಎಂದು ಬರೆದೆ. ಗಾಡಿಗೆ ಮನೆಗಳಿಂದ ಕಸ ಬರತೊಡಗಿತು. ಸಿದ್ದಪ್ಪ ಮಾವನ ತಿರುವಿನ ನೀಲಿ ಡಬ್ಬವನ್ನು ನಾನೂ ಜಯಕ್ಕನೂ ತಿಪ್ಪೆ ಸಾಲಿಗೆ ಹೊತ್ತುಕೊಂಡು ಹೋಗಿ ಆ ಪಟ್ಟಿಯಲ್ಲಿ ಇಟ್ಟೆವು. ಮಾರನೇ ದಿನವೇ ಸಿದ್ದಪ್ಪ ಮಾವ ನನ್ನನ್ನು ದಾರಿಯಲ್ಲಿ ತಡೆದ. "ನಮ್ಮ ಬಾಗ್ಲಿಂದ ತಗ್ದೆ, ಒಳ್ಳೇದಾಯ್ತು. ಆದ್ರೆ ಸರ್ಕಾರಿ ಡಬ್ಬ ಇಕ್ಕಿ ನಮ್ಮ ಜಾಗ ಒಡ್ಕಳಕ್ಕೆ ನೋಡ್ತಾವ್ರಾ ನಿಮ್ಮತ್ತೆ? ಕೇಳವ್ವ ಅವ್ರನ್ನ" ಎಂದ. ಅತ್ತೆಗೆ ಹೇಳಿದೆ. "ಜಾಗ ಅವನ್ದಾದ್ರೆ ತಾನೆ ಒಡ್ಕಳಕ್ಕೆ, ಏಳು ಅವ್ನಿಗೆ" ಎಂದರು. ಮಾತು ಊರೆಲ್ಲ ಹರಡಿತು. ಪರಿಣಾಮ ಏನಾಯಿತೆಂದರೆ, ಆ ಡಬ್ಬಕ್ಕೆ ಕಸ ಹಾಕಿದವರು ಯಾವುದೋ ಒಂದು ಮನೆಯ ಪರವಾದ ಹಾಗೆ ಆಯಿತು. ಎರಡೂ ಮನೆ ಬೇಕಾದವರೇ. ಹಾಗಾಗಿ ಹೆಂಗಸರು ಕವರುಗಳನ್ನು ಕೈಯಲ್ಲಿ ಹಿಡಿದು ಡಬ್ಬದವರೆಗೆ ಬರುವರು, ಒಮ್ಮೆ ನಮ್ಮ ತಿಪ್ಪೆ, ಒಮ್ಮೆ ಸಿದ್ದಪ್ಪನ ತಿಪ್ಪೆ ನೋಡುವರು, ವಾಪಸ್ಸು ತೆಗೆದುಕೊಂಡು ಹೋಗುವರು. ಚಿತ್ತೆ ಮಳೆ ಮುಗಿಯಿತು. ಹಬ್ಬ ಮುಗಿದ ಮೇಲಿನ ಗುರುವಾರ ಡಬ್ಬ ನೋಡಲು ಬರುತ್ತೇನೆ ಎಂದು ಪಿಡಿಒ ಹೇಳಿ ಕಳಿಸಿದರು. ಡಬ್ಬ ಖಾಲಿಯೇ ಇತ್ತು.

ದೀಪಾವಳಿಯ ಪಾಡ್ಯದ ಸಂಜೆ ನಮ್ಮ ಕಡೆ ತಿಪ್ಪೆಗೆ ದೀಪ ಇಡುತ್ತಾರೆ. ಸಗಣಿ ಉಂಡೆಗೆ ಹಳದಿ ಹುಚ್ಚೆಳ್ಳು ಹೂವು ಸಿಕ್ಕಿಸಿ ತಿಪ್ಪೆಯ ನೆತ್ತಿಯಲ್ಲಿಟ್ಟು, ಪಕ್ಕದಲ್ಲಿ ಹಣತೆ ಹಚ್ಚುತ್ತಾರೆ. ಹೊಲಕ್ಕೆ ಅನ್ನ ಕೊಡುವುದು ತಿಪ್ಪೆ ತಾನೆ. ಅವತ್ತು ಹೊತ್ತು ಮುಳುಗುವಾಗ ಮಳೆ ಬಿಟ್ಟು ಆಕಾಶ ತಿಳಿಯಾಗಿತ್ತು. ಸಾಲಿನ ಉದ್ದಕ್ಕೂ ದೀಪಗಳು, ಹೊಸ ಸೀರೆಗಳು, ಮಾತು, ನಗು. ನಾನು ತಟ್ಟೆ ಹಿಡಿದು ಅತ್ತೆಯ ಹಿಂದೆ ನಿಂತಿದ್ದೆ. ಎಲ್ಲ ತಿಪ್ಪೆಗಳ ನಡುವೆ ನನ್ನ ನೀಲಿ ಡಬ್ಬವೊಂದೇ ದೀಪವಿಲ್ಲದೆ ಕಪ್ಪಗೆ ನಿಂತಿತ್ತು.

ಸಿದ್ದಪ್ಪ ಮಾವ ಬಂದ. ತನ್ನ ತಿಪ್ಪೆಗೆ ದೀಪ ಇಟ್ಟ. ಆಮೇಲೆ ಬೇಕೆಂದೇ ಎರಡು ಹೆಜ್ಜೆ ಈಚೆಗೆ ಬಂದು ಡಬ್ಬದ ಮುಚ್ಚಳದ ಮೇಲೆ ಒಂದು ಹಣತೆ ಇಟ್ಟ. ತಿಪ್ಪೆಗೆ ದೀಪ ಇಟ್ಟವರೇ ತಿಪ್ಪೆಯ ಯಜಮಾನರು, ಅದು ಎಲ್ಲರಿಗೂ ಗೊತ್ತು.

"ಸವಿತಾ, ಕೇಳು ಅವ್ನ. ಅಲ್ಯಾಕೆ ದೀಪ ಇಕ್ದ?" ಎಂದರು ಅತ್ತೆ.

"ಏಳವ್ವ ನಿಮ್ಮತ್ತೆಗೆ. ನಮ್ಮ ಜಾಗ್ದಲ್ಲಿರೋ ಡಬ್ಬಕ್ಕೆ ನಾವು ಇಕ್ದೋ ಅಂತ."

ಅತ್ತೆ ನನ್ನ ತಟ್ಟೆಯಿಂದ ಎರಡು ಹಣತೆ ತೆಗೆದು ಮುಚ್ಚಳದ ಈಚೆ ಬದಿಗೆ ಇಟ್ಟರು. ಅವನು ಇನ್ನೆರಡು ಇಟ್ಟ. ಅತ್ತೆ ಮತ್ತೊಂದು ಇಟ್ಟು, ಎಣ್ಣೆಯನ್ನೂ ತುಳುಕುವಷ್ಟು ಹೊಯ್ದರು. ಸಾಲಿನ ಆ ತುದಿಯಲ್ಲಿದ್ದವರೂ ತಮ್ಮ ದೀಪ ಬಿಟ್ಟು ಇಲ್ಲಿಗೆ ಬಂದು ನಿಂತರು. "ಮುಚ್ಚಳ ಪ್ಲಾಸ್ಟಿಕ್ಕು" ಎಂದೆ ನಾನು. ಯಾರಿಗೂ ಕೇಳಲಿಲ್ಲ. "ಪಂಚಾಯಿತಿ ಡಬ್ಬ ಕಣತ್ತೆ, ಪ್ಲಾಸ್ಟಿಕ್ಕು" ಎಂದು ಇನ್ನೊಮ್ಮೆ ಹೇಳುವಷ್ಟರಲ್ಲಿ ಚೆಲ್ಲಿದ ಎಣ್ಣೆಗೆ ಬತ್ತಿಯೊಂದು ಜಾರಿ ಸುಟ್ಟ ವಾಸನೆ ಬಂತು. ಮುಚ್ಚಳ ನಡುವೆ ಮೆತ್ತಗಾಗಿ ತಗ್ಗಾಯಿತು. ಆ ಕಡೆಯ ಒಂದು ಹಣತೆಯೂ ಈ ಕಡೆಯ ಒಂದು ಹಣತೆಯೂ ನಿಧಾನಕ್ಕೆ ಜಾರುತ್ತಾ ಬಂದು, ಒಂದಕ್ಕೊಂದು ತಗುಲಿ, ಎರಡೂ ಒಟ್ಟಿಗೆ ಒಳಗೆ ಬಿದ್ದವು.

ಒಳಗೆ ಏನೂ ಇರಲಿಲ್ಲವಲ್ಲ, ದೀಪ ತಕ್ಷಣ ಆರಲಿಲ್ಲ. ಬುಡದಲ್ಲಿ ಉರಿಯುತ್ತಲೇ ಇತ್ತು. ಡಬ್ಬಕ್ಕೆ ಡಬ್ಬವೇ ಒಳಗಿನಿಂದ ನೀಲಿಯಾಗಿ ಬೆಳಗಿತು. ಅಷ್ಟು ಚೆಂದದ ದೀಪವನ್ನು ನಮ್ಮೂರು ಅದುವರೆಗೆ ನೋಡಿರಲಿಲ್ಲ. ಹಿಂದೆ ನಿಂತವರೂ ಮುಂದಕ್ಕೆ ಬಾಗಿ ನೋಡಿದರು. ಆಮೇಲೆ ಜಯಕ್ಕ ಚೊಂಬಿನ ನೀರು ಹೊಯ್ದಳು, ಚುಂಯ್ ಎಂದು ಹೊಗೆ ಎದ್ದಿತು. ಮುಚ್ಚಳದ ನಡುವೆ ದುಂಡನೆಯ ತೂತು ಉಳಿಯಿತು.

ಮೊದಲು ನಕ್ಕಿದ್ದು ನಮ್ಮತ್ತೆ. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗದೆ ಸಿದ್ದ‌ಪ್ಪನ ತಿಪ್ಪೆಯ ಅಂಚಿನಲ್ಲೇ ಕೂತು ನಕ್ಕರು. ಸಿದ್ದಪ್ಪ ಮಾವನೂ ಹೆಗಲ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಾ, "ಯಾರ ಜಾಗ ಅಂತ ಅದೇ ತೀರ್ಮಾನ ಮಾಡ್ಬುಡ್ತಲ್ಲ ದೊಡ್ಡತಾಯಕ್ಕ. ನಿನ್ದೂ ನುಂಗ್ತು, ನನ್ದೂ ನುಂಗ್ತು" ಎಂದ. ನಡುವೆ ನಾನು ನಿಂತೇ ಇದ್ದೆ, ಆದರೆ ಅವನು ನನಗೆ ಹೇಳಲಿಲ್ಲ. ನೇರವಾಗಿ ಅವರಿಗೇ ಹೇಳಿದ. "ಊ ಕಣಪ್ಪ. ಬುಡು ಅತ್ಲಾಗೆ, ಅದ್ಕೇ ಇರ್ಲಿ ಜಾಗ" ಎಂದರು ಅತ್ತೆ. ಅಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು ಅದು. ಸುತ್ತ ನಿಂತವರಲ್ಲಿ ಯಾರೋ ತಮ್ಮ ತಟ್ಟೆಯಲ್ಲಿ ಉಳಿದಿದ್ದ ಹಣತೆಯನ್ನು ಡಬ್ಬದ ಬುಡದಲ್ಲಿ ಮಣ್ಣಿನ ಮೇಲೆ ಇಟ್ಟರು. ನೋಡನೋಡುತ್ತಾ ಎಲ್ಲರೂ ಒಂದೊಂದು ಇಟ್ಟರು.

ನಾನೊಬ್ಬಳೇ ಅಳುತ್ತಿದ್ದೆ. ಪಂಚಾಯಿತಿಯ ಸಾಮಾನಿಗೆ ತೂತು ಬಿದ್ದಿದೆ, ಗುರುವಾರ ಪಿಡಿಒ ಬರುತ್ತಾರೆ, ನನ್ನ ಗಾಡಿ ಹೋಯಿತು ಎಂದು ಜಯಕ್ಕನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿದೆ.

ಗುರುವಾರ ಬೆಳಿಗ್ಗೆ ಪಿಡಿಒ ಬಂದರು. ಮುಚ್ಚಳ ನೋಡಿದರು. "ಏನಿದು ತೂತು? ಯಾರು ಮಾಡಿದ್ದು?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಿದ್ದಪ್ಪ ಮಾವ, "ನಾನೇ ಸಾರ್" ಎಂದ. "ಅವನೊಬ್ನೇ ಅಲ್ಲ, ನಾನೂವೆ" ಎಂದರು ಅತ್ತೆ. ಅಷ್ಟರಲ್ಲಿ ಸಗಣಿ ಮಂಕರಿ ತಲೆಯ ಮೇಲಿದ್ದ ಒಬ್ಬ ಹೆಂಗಸು ಆ ದಾರಿಯಲ್ಲಿ ಬಂದಳು. ಒಂದು ಕೈ ಮಂಕರಿಗೆ, ಇನ್ನೊಂದು ಕೈಯಲ್ಲಿ ಕವರುಗಳ ಗಂಟು. ನಿಲ್ಲದೆ, ಬಗ್ಗದೆ, ಮುಚ್ಚಳ ಮುಟ್ಟದೆ ಗಂಟನ್ನು ತೂತಿಗೆ ಹಾಕಿ ಮುಂದೆ ಹೋದಳು. ಅವಳ ಹಿಂದೆ ಇನ್ನೊಬ್ಬಳು ಬಂದು ಹಾಗೇ ಮಾಡಿದಳು. ಪಿಡಿಒ ಮುಚ್ಚಳ ಎತ್ತಿ ಒಳಗೆ ನೋಡಿದರು. ಪಟಾಕಿ ಕಾಗದ, ಹಾಲಿನ ಕವರು, ಶಾಂಪೂ ಪ್ಯಾಕೆಟ್ಟು, ಬಿಸ್ಕತ್ತಿನ ಪೊಟ್ಟಣ, ಕತ್ತಿನವರೆಗೆ ತುಂಬಿತ್ತು. ಹಬ್ಬ ಮುಗಿದು ಎರಡೇ ದಿನವಾಗಿತ್ತು.

ಅವರು ಮುಚ್ಚಳವನ್ನು ಮತ್ತೆ ಹಾಕಿದರು. ಆಮೇಲೆ ಫೋನು ತೆಗೆದು, "ಫೋಟೋಗೆ ನಿಂತ್ಕೊಳ್ಳಿ. ಸವಿತಮ್ಮ, ನೀವು ಮುಚ್ಚಳದ ಮೇಲೆ ಕೈ ಇಟ್ಕೊಂಡು ನಿಂತ್ಕೊಳ್ಳಿ, ತೂತು ಕಾಣಬಾರದು" ಎಂದರು. ಕೈ ಇಟ್ಟೆ. ಹೊರಡುವಾಗ ಬೈಕಿನ ಮೇಲೆ ಕೂತು, "ಉಳಿದೆರಡು ನೀಲಿ ಡಬ್ಬಕ್ಕೂ ಅದೇ ಥರ ಏನಾದ್ರೂ ಮಾಡಿ. ನಾನು ಹೇಳಿದೆ ಅನ್ಬೇಡಿ. ಆ ಹಸಿರು ಡಬ್ಬಗಳನ್ನ ಆಫೀಸಿಗೆ ತಂದು ಹಾಕಿ" ಎಂದರು. ಗಾಡಿಯ ಬೀಗದ ಕೈ ಕೇಳಲಿಲ್ಲ. ಅವತ್ತು ಕಸ ಇಳಿಸಲು ಸಾತನೂರಿನವರೆಗೆ ತುಂಬಿದ ಗಾಡಿಯನ್ನು ಹಾಡು ಹಾಕಿಕೊಂಡು ಓಡಿಸಿದೆ. ಹಿಂದೆ ಜಯಕ್ಕ ಗಾಡಿಯ ಹಾಡಿಗೆ ದನಿ ಸೇರಿಸಿದ್ದಳು.

ಮಕ್ಕಳ ಓದಿಗೆಂದು ನಾವು ಕನಕಪುರಕ್ಕೆ ಬಂದಿದ್ದೇವೆ, ಅತ್ತೆಯೂ ಜೊತೆಗಿದ್ದಾರೆ. ದೀಪಾವಳಿಗೆ ಮಾತ್ರ ಏನಾದರೂ ಸರಿ ಊರಿಗೆ ಹೋಗಲೇಬೇಕೆಂದು ಹಟ ಹಿಡಿಯುತ್ತಾರೆ. ಡಬ್ಬ ಆ ಪಟ್ಟಿಯಲ್ಲೇ ಇದೆ. ಅದರ ಬುಡದಲ್ಲಿ ಮೊದಲ ಎರಡು ದೀಪ ಅತ್ತೆಯದು ಮತ್ತು ಸಿದ್ದಪ್ಪ ಮಾವನದು, ಆಮೇಲೆ ಊರಿನದು. ಡಬ್ಬದ ಬಣ್ಣ ಬಿಸಿಲಿಗೆ ಮಾಸಿದೆ. ಮಳೆ ನೀರು ಮೇಲಿನ ತೂತಲ್ಲಿ ಬಂದು ಬುಡದ ತೂತಲ್ಲಿ ಹೋಗುತ್ತದೆ.

ಮೊನ್ನೆ ಆ ವಾಸನೆ ಮೂಗಿನಲ್ಲಿ ಇನ್ನೂ ಇರುವಾಗಲೇ ನಾನು ಹೊಸ ಮುಚ್ಚಳಗಳ ಕಟ್ಟು ಬಿಚ್ಚಿದೆ. ಅಂಗಳದ ಮೂಲೆಯಲ್ಲಿ ಒಲೆ ಹಚ್ಚಿ ಕಬ್ಬಿಣದ ಸಲಾಕೆ ಕಾಯಲು ಇಟ್ಟೆ. ಪುಷ್ಪ ಗಾಬರಿಯಾದಳು. ಹೊಸ ಸಾಮಾನು ಯಾಕಕ್ಕ ಹಾಳು ಮಾಡ್ತೀರ, ಸಾಹೇಬ್ರು ಬೈಯಲ್ವಾ ಎಂದಳು. ಬೈದರೆ ಕೈ ಇಟ್ಟುಕೊಂಡು ನಿಂತರಾಯಿತು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆದರೂ ಒಂದು ಮುಚ್ಚಳವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನನ್ನ ಮುಂದೆ ಕೂತಳು.

"ತೂತು ಎಷ್ಟು ದೊಡ್ದು ಮಾಡ್ಬೇಕಕ್ಕ?" ಎಂದು ಕೇಳಿದಳು.

"ಎರಡು ಹಣತೆ ಒಟ್ಟಿಗೆ ಬೀಳೋವಷ್ಟು" ಎಂದೆ.